ಕಂಠೀರವ ಕೆಡವಬೇಕಾ, ಗೇಟು ತೆರೆದರೆ ಸಾಕಾ?

ಬಸವನಗುಡಿ ವಾಕರ್ · ಶನಿವಾರ, ಬೆಳಿಗ್ಗೆ 7:12

ಎಲ್ಲರಿಗೂ ನಮಸ್ಕಾರ. 2025ರಲ್ಲಿ ದೆಹಲಿಯ ಜವಾಹರಲಾಲ್ ನೆಹರೂ ಕ್ರೀಡಾಂಗಣ ಕೆಡವಿ ಸ್ಪೋರ್ಟ್ಸ್ ಸಿಟಿ ಮಾಡುವ ಮಾತು ಬಂತಲ್ಲ, ಅವತ್ತಿನಿಂದ ತಲೆಯಲ್ಲಿ ಒಂದು ಹುಳ ಕೊರೆಯುತ್ತಿದೆ. ನಮ್ಮ ಬೆಂಗಳೂರಿನ ಕಂಠೀರವ ಕ್ರೀಡಾಂಗಣವನ್ನು ಏನು ಮಾಡಬೇಕು? ಒಳಗಿನ ಸುದ್ದಿ ಏನೂ ನನ್ನ ಹತ್ತಿರ ಇಲ್ಲ. ಸುಮ್ನೆ ಮಾತಾಡೋಣ ಅಂತ ಕೇಳುತ್ತಿದ್ದೇನೆ.

1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಸಜ್ಜಾದ ಜಾಗ ಅದು. ಸುಮಾರು 25 ಸಾವಿರ ಜನ ಕೂರಬಹುದು. ಆ ಕಡೆ ಕಬ್ಬನ್ ಪಾರ್ಕು, ಈ ಕಡೆ ಹಡ್ಸನ್ ಸರ್ಕಲ್, ನಡೆದು ಹೋಗುವಷ್ಟು ದೂರದಲ್ಲಿ ಮೆಟ್ರೊ. ಊರಿನ ಹೊಟ್ಟೆಯ ಮಧ್ಯೆ ಇಷ್ಟು ದೊಡ್ಡ ಜಾಗ ಇಟ್ಟುಕೊಂಡು ನಾವು ಅದರ ಸುತ್ತ ಕಾರಿನಲ್ಲಿ ಗಿರಕಿ ಹೊಡೆಯುತ್ತೇವೆ. ಅರ್ಧ ಗ್ಯಾಲರಿ ತೆಗೆದು, ಬಯಲು ರಂಗಮಂದಿರ, ಮಕ್ಕಳ ಆಟದ ಜಾಗ, ಒಂದು ಲೈಬ್ರರಿ, ನಡೆಯೋಕೆ ನೆರಳಿನ ದಾರಿ ಮಾಡಿದರೆ ಹೇಗೆ? ಎಲ್ಲರಿಗೂ ಎಲ್ಲಾ ಸಿಗುವ ಬಹುಪಯೋಗಿ ಜಾಗ ಆಗಲಿ. ದೊಡ್ಡ ಪಂದ್ಯಗಳಿಗೆ ಊರಾಚೆ ಹೊಸದು ಕಟ್ಟಲಿ. ಏನಂತೀರಿ?

ವೆಸ್ಟ್ ಬ್ಲಾಕ್ ನೀಲಿ · 7:40

ಗುರು, ಬೆಳಿಗ್ಗೆ ಬೆಳಿಗ್ಗೆನೇ ಹೊಟ್ಟೆ ಉರಿಸಬೇಡ. 2016ರ ಅಕ್ಟೋಬರ್ 19ರ ರಾತ್ರಿ ನಾನು ಆ ಗ್ಯಾಲರಿಯಲ್ಲಿದ್ದೆ. ಎಎಫ್‌ಸಿ ಕಪ್ ಫುಟ್‌ಬಾಲ್ ಸೆಮಿಫೈನಲ್, ನಮ್ಮ ಬೆಂಗಳೂರು ಎಫ್‌ಸಿ ಮಲೇಷ್ಯಾದ ಜೊಹೊರ್ ತಂಡವನ್ನು 3-1ಕ್ಕೆ ಸೋಲಿಸಿದ್ದು ಅಲ್ಲೇ. 2023ರಲ್ಲಿ ಸ್ಯಾಫ್ (ದಕ್ಷಿಣ ಏಷ್ಯಾ ಫುಟ್‌ಬಾಲ್) ಫೈನಲ್‌ನಲ್ಲಿ ಭಾರತ ಕುವೈತನ್ನು ಪೆನಾಲ್ಟಿಯಲ್ಲಿ ಸೋಲಿಸಿದ್ದೂ ಅಲ್ಲೇ. "ಊರಾಚೆ ಹೊಸದು" ಅಂದರೆ ಏನು ಅಂತ ಬೆಂಗಳೂರಿನವರಿಗೆ ಹೇಳಿಕೊಡಬೇಕಾ? ಪಂದ್ಯ ಮುಗಿದ ಮೇಲೆ ರಾತ್ರಿ ಹನ್ನೊಂದಕ್ಕೆ ಮನೆಗೆ ಹೋಗೋದು ಹೇಗೆ?

ತೆಗೀಬೇಕಾದರೆ ಗ್ಯಾಲರಿ ಬೇಡ, ಟ್ರ್ಯಾಕ್ ತೆಗೀರಿ. ಗೋಲ್ ಹಿಂದೆ ಕೂತರೆ ಆಟಗಾರ ಇರುವೆ ಥರ ಕಾಣ್ತಾನೆ.

ಜಾವೆಲಿನ್ ಅಮ್ಮ · 8:05

ಟ್ರ್ಯಾಕ್ ತೆಗೀರಿ ಅಂತ ಎಷ್ಟು ಸಲೀಸಾಗಿ ಹೇಳಿಬಿಟ್ಟಿರಿ ತಮ್ಮಾ. ಫುಟ್‌ಬಾಲಿಗೂ ಅಥ್ಲೆಟಿಕ್ಸಿಗೂ ಈ ಜಗಳ ಹೈಕೋರ್ಟ್ ಮೆಟ್ಟಿಲು ಹತ್ತಿದ್ದು ಮರೆತುಹೋಯಿತಾ? 2025ರ ಜುಲೈ 5ರಂದು ನೀರಜ್ ಚೋಪ್ರಾ ಕ್ಲಾಸಿಕ್ ನಡೆದಿದ್ದು ಅದೇ ಕಂಠೀರವದಲ್ಲಿ. 86.18 ಮೀಟರ್ ಎಸೆದು ನೀರಜ್ ಗೆದ್ದಾಗ ನನ್ನ ಮಗಳು ಕುರ್ಚಿ ಮೇಲೆ ನಿಂತಿದ್ದಳು. ಅವಳೂ ಜಾವೆಲಿನ್ ಎಸೆಯುತ್ತಾಳೆ. ಆ ರಾತ್ರಿ ಮನೆಗೆ ಬಂದು ಊಟ ಮಾಡಲಿಲ್ಲ, ಬರೀ ಎಸೆತದ ಮಾತೇ.

ವಾಕರ್ ಸಾರ್, ನಿಮ್ಮ "ಎಲ್ಲರಿಗೂ ಎಲ್ಲಾ" ಅನ್ನೋ ಮಾತು ಕೇಳಿದರೆ ನನಗೆ ಭಯವೇ ಜಾಸ್ತಿ. ಯಾವ ಊರು ಅಂತ ಹೇಳಲ್ಲ, ನಾವು ಮೊದಲಿದ್ದ ಜಿಲ್ಲೆಯ ಕ್ರೀಡಾಂಗಣದ ಕಥೆ ಹೇಳ್ತೀನಿ. ಸಿಂಥೆಟಿಕ್ ಟ್ರ್ಯಾಕ್ ಹಾಕಿ ಎರಡು ವರ್ಷ ಆಗಿತ್ತು. ಒಂದು ದೊಡ್ಡ ಸಮಾರಂಭಕ್ಕೆ ಕೊಟ್ಟರು. ಶಾಮಿಯಾನದವರು ಲಾರಿ ಸೀದಾ ಟ್ರ್ಯಾಕ್ ಮೇಲೆ ಹತ್ತಿಸಿದರು. ಕಂಬಕ್ಕೆ ಗುಂಡಿ ತೋಡಿದರು. ಮೂರು ದಿನ ಆದ ಮೇಲೆ ಮಕ್ಕಳು ಓಡೋಕೆ ಹೋದರೆ ಲೇನ್ ತುಂಬಾ ಮೊಳೆ. ಕೋಚ್ ಒಂದು ಅಯಸ್ಕಾಂತಕ್ಕೆ ದಾರ ಕಟ್ಟಿ ಎಳೆದುಕೊಂಡು ಎಂಟೂ ಲೇನ್ ಸುತ್ತಿದರು. ಅರ್ಧ ಡಬ್ಬ ತುಂಬಿತು. ಅದು ನಾನು ಕಂಡ ಬಹುಪಯೋಗಿ ಕ್ರೀಡಾಂಗಣ.

ಸಂಪಂಗಿರಾಮನಗರದವನು · 8:31

ಎಲ್ಲರೂ 1997ರಿಂದ ಶುರು ಮಾಡ್ತಿದ್ದೀರಿ. ಅದು ಕೆರೆ ಸ್ವಾಮಿ. ಸಂಪಂಗಿ ಕೆರೆ. ಕೆಂಪೇಗೌಡರ ಕಾಲದ್ದು ಅಂತ ಹಿರಿಯರು ಹೇಳ್ತಾರೆ. ಪೇಟೆಗೂ ದಂಡಿಗೂ (ಕಂಟೋನ್ಮೆಂಟಿಗೂ) ನೀರು ಕೊಡುತ್ತಿದ್ದ ಕೆರೆ. ಸುತ್ತ ವಹ್ನಿಕುಲದ ತಿಗಳರು ತರಕಾರಿ, ಹೂವು ಬೆಳೆಯುತ್ತಿದ್ದರು. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ಬಂತು ನೋಡಿ, ಅಲ್ಲಿಂದ ಈ ಕೆರೆಯನ್ನು ಕೇಳೋರು ಕಡಿಮೆಯಾದರು. ಒಣಗಿದ ಅಂಗಳದಲ್ಲಿ ಪೋಲೊ ಆಡಿದರು. ಆಮೇಲೆ ಮೈದಾನ, ಆಮೇಲೆ ಕ್ರೀಡಾಂಗಣ. ಈಗ ಉಳಿದಿರೋದು ಒಂದು ಮೂಲೆಯಲ್ಲಿ ಚೌಕಾಕಾರದ ಚಿಕ್ಕ ಕೊಳ. ಕರಗದ ದಿನಗಳಲ್ಲಿ ಅಲ್ಲಿ ಪೂಜೆ ನಡೆಯುತ್ತದೆ. ಕರಗ ಇಲ್ಲದಿದ್ದರೆ ಅದೂ ಪಾರ್ಕಿಂಗ್ ಆಗಿರುತ್ತಿತ್ತು ಅಂತ ನನ್ನ ಅನುಮಾನ.

ಹಾಗಾಗಿ ಬಹುಪಯೋಗ ಅನ್ನೋದು ಹೊಸ ಐಡಿಯಾ ಏನಲ್ಲ. ಒಂದೇ ನೆಲ ನೀರಿಗೆ, ತೋಟಕ್ಕೆ, ಹಬ್ಬಕ್ಕೆ ಮೂರಕ್ಕೂ ಆಗುತ್ತಿತ್ತು.

ಬಸವನಗುಡಿ ವಾಕರ್ · 8:50

ಜಾವೆಲಿನ್ ಅಮ್ಮ, ಮೊಳೆ ಕಥೆ ಓದಿ ನಿಜಕ್ಕೂ ಬೇಜಾರಾಯಿತು. ಆದರೆ ಒಂದು ಮಾತು. ಕಂಠೀರವ ಈಗಾಗಲೇ ಬಹುಪಯೋಗಿನೇ ಅಲ್ವಾ? 2006ರ ಏಪ್ರಿಲ್‌ನಲ್ಲಿ ಅಣ್ಣಾವ್ರ ಕೊನೇ ದರ್ಶನ ಅಲ್ಲೇ. 2021ರ ಅಕ್ಟೋಬರ್‌ನಲ್ಲಿ ಅಪ್ಪು ದರ್ಶನಕ್ಕೆ ಲಕ್ಷಗಟ್ಟಲೆ ಜನ ಬಂದಿದ್ದೂ ಅಲ್ಲಿಗೇ. 2013ರಲ್ಲಿ, 2023ರಲ್ಲಿ ಮುಖ್ಯಮಂತ್ರಿ ಪ್ರಮಾಣವಚನವೂ ಅಲ್ಲೇ ಆಯಿತು. ಸಾವು, ಪಟ್ಟ, ಪಂದ್ಯ ಎಲ್ಲಾ ಆಯಿತು. ಆಗದೇ ಇರೋದು ಒಂದೇ. ಮಂಗಳವಾರ ಸಂಜೆ ಸುಮ್ಮನೆ ಒಬ್ಬ ಅಜ್ಜ ಹೋಗಿ ನೆರಳಲ್ಲಿ ಕೂರೋದು.

ದಾವಣಗೆರೆ ಬೆಣ್ಣೆ · 8:58

ಮಾಲ್ ಕಟ್ಟಿಬಿಡ್ರಿ. ಅಜ್ಜನೂ ಬರ್ತಾನೆ, ಎಸಿನೂ ಇರ್ತದೆ 😄

ಸಿಯೋಲ್‌ನಿಂದ ವಾಪಸ್ · 9:45

ಬೆಣ್ಣೆ ಅವರು ತಮಾಷೆಗೆ ಹೇಳಿದ್ದು ಜಪಾನಿನಲ್ಲಿ ನಿಜಕ್ಕೂ ಆಗಿದೆ. ಒಸಾಕಾದ ಬೇಸ್‌ಬಾಲ್ ಕ್ರೀಡಾಂಗಣ 1998ರಲ್ಲಿ ಮುಚ್ಚಿತು. 2003ರಲ್ಲಿ ಅದೇ ಜಾಗದಲ್ಲಿ ನಂಬಾ ಪಾರ್ಕ್ಸ್ ಅನ್ನೋ ಮಾಲ್ ತೆರೆಯಿತು. ಛಾವಣಿ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ತೋಟ. ಹಳೇ ಹೋಮ್ ಪ್ಲೇಟ್ (ಬ್ಯಾಟ್ ಬೀಸುವವರು ನಿಲ್ಲುವ ಜಾಗ) ಇದ್ದ ಕಡೆ ನೆಲದಲ್ಲಿ ಒಂದು ಗುರುತು. ಜನ ಅದರ ಮೇಲೆ ಕಾಲಿಟ್ಟುಕೊಂಡೇ ಅಂಗಡಿಗೆ ಹೋಗ್ತಾರೆ.

ನಾನು ಹೇಳಬೇಕು ಅಂತಿದ್ದದ್ದು ಸಿಯೋಲ್ ಕಥೆ. ಸ್ವಲ್ಪ ಉದ್ದ ಆಗುತ್ತೆ, ಕ್ಷಮಿಸಿ. ಕೆಲಸದ ಮೇಲೆ ನಾಲ್ಕು ವರ್ಷ ಅಲ್ಲಿದ್ದೆ. ಮನೆಯಿಂದ ಎರಡು ಸ್ಟೇಷನ್ ಆಚೆ ದೋಂಗ್‌ದೇಮುನ್.

ಅಲ್ಲಿ 1925ರಲ್ಲಿ, ಜಪಾನಿಯರ ಆಳ್ವಿಕೆಯಲ್ಲಿ, ಹಳೇ ಕೋಟೆ ಗೋಡೆಯ ಒಂದು ಭಾಗ ಒಡೆದು ಕ್ರೀಡಾಂಗಣ ಕಟ್ಟಿದರು. ನಮ್ಮಲ್ಲಿ ಕೆರೆ, ಅವರಲ್ಲಿ ಕೋಟೆ, ಅಷ್ಟೇ ವ್ಯತ್ಯಾಸ. ಸ್ವಾತಂತ್ರ್ಯ ಬಂದ ಮೇಲೆ ದೊಡ್ಡ ಸಭೆಗಳೆಲ್ಲ ಅಲ್ಲೇ. 1949ರಲ್ಲಿ ಹೋರಾಟಗಾರ ಕಿಮ್ ಗೂ ಅವರ ಅಂತ್ಯಸಂಸ್ಕಾರದ ಸಭೆಯೂ ಅಲ್ಲೇ. ವಾಕರ್ ಸಾರ್ ಅಣ್ಣಾವ್ರ ಮಾತು ತೆಗೆದಾಗ ನನಗೆ ಇದೇ ನೆನಪಾಯಿತು. 1982ರಲ್ಲಿ ಕೊರಿಯಾದ ವೃತ್ತಿಪರ ಬೇಸ್‌ಬಾಲ್ ಲೀಗಿನ ಮೊಟ್ಟಮೊದಲ ಪಂದ್ಯ ನಡೆದಿದ್ದೂ ಇದೇ ಆವರಣದಲ್ಲಿ. ಆಮೇಲೆ ಜಾಮ್ಸಿಲ್‌ನಲ್ಲಿ ಒಲಿಂಪಿಕ್ ಕ್ರೀಡಾಂಗಣ ಬಂತು. ದೊಡ್ಡ ಆಟ ಅತ್ತ ಹೋಯಿತು. ಇದು ಶಾಲಾ ಹುಡುಗರ ಬೇಸ್‌ಬಾಲಿಗೆ ಉಳಿಯಿತು.

2003ರಲ್ಲಿ ಚೊಂಗ್ಗೆಚೊನ್ ತೊರೆಯನ್ನು ಮತ್ತೆ ತೆರೆಯುವ ಕೆಲಸ ಶುರುವಾದಾಗ ಅಲ್ಲಿನ ಬೀದಿ ವ್ಯಾಪಾರಿಗಳನ್ನು ಎಬ್ಬಿಸಿ ಈ ಫುಟ್‌ಬಾಲ್ ಮೈದಾನದ ಒಳಗೆ ಕೂರಿಸಿದರು. ಹಳೇ ಗಡಿಯಾರ, ಬೂಟು, ರೇಡಿಯೊ, ತಿಂಡಿ, ಏನುಂಟು ಏನಿಲ್ಲ. ನಾನು ಹೋಗುವ ಹೊತ್ತಿಗೆ ಅದು ಇರಲಿಲ್ಲ, ಫೋಟೊದಲ್ಲಿ ನೋಡಿದ್ದು. ಗ್ಯಾಲರಿ ಹಾಗೇ ಇದೆ, ಮಧ್ಯೆ ಸಂತೆ. ನನ್ನ ಕೇಳಿದರೆ ಆ ಜಾಗ ನಿಜವಾಗಿ ಸಾರ್ವಜನಿಕ ಆಗಿದ್ದು ಆ ನಾಲ್ಕೈದು ವರ್ಷವೇ. ಅದಕ್ಕೆ ಯಾವ ವಾಸ್ತುಶಿಲ್ಪಿಯೂ ಬೇಕಾಗಲಿಲ್ಲ.

2007ರ ಕೊನೆಯಿಂದ 2008ರ ತನಕ ಫುಟ್‌ಬಾಲ್, ಬೇಸ್‌ಬಾಲ್ ಎರಡೂ ಕ್ರೀಡಾಂಗಣ ಕೆಡವಿದರು. ವ್ಯಾಪಾರಿಗಳು ಮತ್ತೆ ಗಂಟುಮೂಟೆ ಕಟ್ಟಿ ಸಿನ್‌ಸೊಲ್‌ದೊಂಗ್‌ಗೆ ಹೊರಟರು. ನೆಲ ಅಗೆದರೆ ಕೆಳಗೆ ಕೋಟೆ ಗೋಡೆ ಸಿಕ್ಕಿತು! ಎರಡು ಕಮಾನಿನ ನೀರಿನ ಬಾಗಿಲೂ ಸಿಕ್ಕಿತು. ನಕ್ಷೆ ಬದಲಾಯಿಸಬೇಕಾಯಿತು. 2014ರ ಮಾರ್ಚ್‌ನಲ್ಲಿ ಅದೇ ಜಾಗದಲ್ಲಿ ವಾಸ್ತುಶಿಲ್ಪಿ ಜಹಾ ಹದೀದ್ ಅವರ ಕಟ್ಟಡ, ಡಿಸೈನ್ ಪ್ಲಾಜಾ, ತೆರೆಯಿತು. 45,133 ಅಲ್ಯೂಮಿನಿಯಂ ಹಲಗೆಗಳ ಮೈ. ರಾತ್ರಿ ನೋಡೋಕೆ ದೊಡ್ಡ ಮೀನು ಮಲಗಿದ ಹಾಗೆ. ಹಳೇ ಕ್ರೀಡಾಂಗಣದ ಎರಡು ದೀಪದ ಕಂಬ ಮಾತ್ರ ಉಳಿಸಿದ್ದಾರೆ.

ಚೆನ್ನಾಗಿದೆಯಾ ಅಂದರೆ ಚೆನ್ನಾಗಿದೆ. ಮಧ್ಯರಾತ್ರಿಯಲ್ಲೂ ಅದರ ಕೆಳಗೆ ನಡೆದಾಡಬಹುದು, ಯಾರೂ ಕೇಳಲ್ಲ. ಅದು ದೊಡ್ಡ ವಿಷಯ. ಆದರೆ ಜಾವೆಲಿನ್ ಅಮ್ಮನಿಗೆ ಒಂದು ಮಾತು ಹೇಳಲೇಬೇಕು. ಶಾಲಾ ಬೇಸ್‌ಬಾಲಿಗೆ ಬದಲಿ ಮೈದಾನ ಅಂತ ಗೊಚೊಕ್‌ನಲ್ಲಿ ಒಂದು ಶುರುಮಾಡಿದರು. ಅದು ಬೆಳೆದು ಬೆಳೆದು ಛಾವಣಿ ಇರುವ ಡೋಮ್ ಆಯಿತು. 2015ರಲ್ಲಿ ತೆರೆಯಿತು, ಮರುವರ್ಷವೇ ವೃತ್ತಿಪರ ತಂಡದ ಮನೆಯಾಯಿತು.

ಜಾವೆಲಿನ್ ಅಮ್ಮ · 9:58

ಇದನ್ನೇ ಹೇಳಿದ್ದು ನಾನು. ಬದಲಿ ಕೊಡ್ತೀವಿ ಅಂತಾರೆ. ಬದಲಿ ಬರುವ ಹೊತ್ತಿಗೆ ಮಗು ದೊಡ್ಡದಾಗಿರುತ್ತೆ, ಬದಲಿ ಬೇರೆಯವರ ಪಾಲಾಗಿರುತ್ತೆ. ಅಥ್ಲೀಟ್‌ಗೆ ಹದಿನಾಲ್ಕರಿಂದ ಹತ್ತೊಂಬತ್ತು, ಐದೇ ವರ್ಷ. ಸರ್ಕಾರಿ ಕಾಮಗಾರಿಗೆ ಐದು ವರ್ಷ ಅಂದರೆ ಪೂಜೆ ಮುಗಿದಿರುತ್ತೆ ಅಷ್ಟೇ.

ನಿವೃತ್ತ ಇಂಜಿನಿಯರ್, ಮೈಸೂರು · 11:20

ವೆಸ್ಟ್ ಬ್ಲಾಕ್ ಹುಡುಗನ ಇರುವೆ ದೂರಿಗೆ ಲೆಕ್ಕ ಇದೆ. ಕೇಳಿ. 400 ಮೀಟರ್ ಟ್ರ್ಯಾಕಿನ ನೇರ ಭಾಗ 84.39 ಮೀಟರ್, ತಿರುವಿನ ತ್ರಿಜ್ಯ 36.5. ಒಳಗಿನ ಅಗಲ 73 ಮೀಟರ್, ಉದ್ದ 157 ಚಿಲ್ಲರೆ. ಫುಟ್‌ಬಾಲ್ ಅಂಗಳ 105 ಉದ್ದ, 68 ಅಗಲ. ಅಗಲಕ್ಕೆ ಬಿಗಿಯಾಗಿ ಕೂರುತ್ತದೆ. ಉದ್ದದಲ್ಲಿ ಎರಡೂ ಕಡೆ 26 ಮೀಟರ್ ಉಳಿಯುತ್ತದೆ. ಅದರಾಚೆ ಎಂಟು ಲೇನ್, ಒಂದೊಂದು 1.22. ಅಂದರೆ ಗೋಲ್ ಗೆರೆಯಿಂದ ಟ್ರ್ಯಾಕಿನ ಹೊರ ಅಂಚಿಗೇ 36 ಮೀಟರ್. ಗ್ಯಾಲರಿ ಇನ್ನೂ ಆಚೆ. ಇದು ಯಾರ ತಪ್ಪೂ ಅಲ್ಲ, ಎರಡು ಆಟವನ್ನು ಒಂದೇ ತಟ್ಟೆಯಲ್ಲಿ ಬಡಿಸಿದರೆ ಹೀಗೇ.

ದುಡ್ಡಿದ್ದವರು ಇದಕ್ಕೂ ದಾರಿ ಹುಡುಕಿದ್ದಾರೆ. ಸಿಂಗಪುರದಲ್ಲಿ 1973ರ ಹಳೇ ನ್ಯಾಷನಲ್ ಸ್ಟೇಡಿಯಂ ಕೆಡವಿ 2014ರಲ್ಲಿ 55 ಸಾವಿರ ಜನರ ಹೊಸದು ತೆರೆದರು. ಫುಟ್‌ಬಾಲ್ ಇದ್ದಾಗ ಕೆಳಗಿನ ಆಸನಗಳು ಟ್ರ್ಯಾಕಿನ ಮೇಲೆ ಸರಿದು ಬರುತ್ತವೆ, ಅಥ್ಲೆಟಿಕ್ಸ್ ಇದ್ದಾಗ ಹಿಂದಕ್ಕೆ ಹೋಗುತ್ತವೆ. ತೆರೆದು ಮುಚ್ಚುವ ಛಾವಣಿ. ಮಾತಲ್ಲಿ ಸ್ವರ್ಗ. ತೆರೆದ ವರ್ಷವೇ ಹುಲ್ಲು ಕೈಕೊಟ್ಟಿತು. ಅಕ್ಟೋಬರ್‌ನಲ್ಲಿ ಬ್ರೆಜಿಲ್ ಮತ್ತು ಜಪಾನ್ ಆಡಿದಾಗ ಅಂಗಳದಲ್ಲಿ ಹುಲ್ಲಿಗಿಂತ ಮರಳೇ ಎದ್ದು ಕಾಣುತ್ತಿತ್ತು.

ಅದಕ್ಕಿಂತ ಮುಖ್ಯದ್ದು ಒಪ್ಪಂದ. ಖಾಸಗಿ ಸಹಭಾಗಿತ್ವದಲ್ಲಿ 25 ವರ್ಷಕ್ಕೆ ಕೊಟ್ಟಿದ್ದರು, 2010ರಲ್ಲಿ. 2022ರ ಡಿಸೆಂಬರ್‌ನಲ್ಲಿ, ಅರ್ಧ ದಾರಿಯಲ್ಲೇ, ಸರ್ಕಾರವೇ ವಾಪಸ್ ತೆಗೆದುಕೊಂಡಿತು. ಜನರಿಗೂ ಶಾಲೆಗಳಿಗೂ ಹೆಚ್ಚು ತೆರೆಯಬೇಕು ಅನ್ನೋದು ಅವರು ಕೊಟ್ಟ ಕಾರಣಗಳಲ್ಲಿ ಒಂದು. ಅಷ್ಟು ಕಟ್ಟುನಿಟ್ಟಿನ ಊರಲ್ಲೇ ಹೀಗೆ. ನಮ್ಮಲ್ಲಿ ಟೆಂಡರ್ ಕರೆಯುವ ಮೊದಲು ಆ ಒಪ್ಪಂದದ ಕಥೆ ಒಮ್ಮೆ ಓದಿಕೊಂಡರೆ ಒಳ್ಳೆಯದು.

ವೆಸ್ಟ್ ಬ್ಲಾಕ್ ನೀಲಿ · 11:34

36 ಮೀಟರ್!! ಸಾರ್ ಇದನ್ನು ಫ್ರೇಮ್ ಹಾಕಿಸಿ ಇಟ್ಕೊತೀನಿ.

ಆದರೆ ನಿಜ ಹೇಳ್ತೀನಿ, ಅಕ್ಕ ಹೇಳಿದ ಮೊಳೆ ವಿಷಯ ನಮಗೂ ಅನ್ವಯ. ಹುಲ್ಲಿಗೂ ಸಮಾರಂಭಕ್ಕೂ ಆಗಿಬರಲ್ಲ. ಕೊಚ್ಚಿಯ ಕಲೂರು ಸ್ಟೇಡಿಯಂ ನೋಡಿ. 2024ರ ಡಿಸೆಂಬರ್‌ನಲ್ಲಿ ದಾಖಲೆಗೋಸ್ಕರ ಸಾವಿರಾರು ಜನ ಭರತನಾಟ್ಯ ಮಾಡಿದರು. ತಾತ್ಕಾಲಿಕ ವೇದಿಕೆಯಿಂದ ಒಬ್ಬ ಶಾಸಕಿ ಕೆಳಗೆ ಬಿದ್ದು ತೀವ್ರ ಗಾಯವಾಯಿತು. ಅಂಗಳದ ಹುಲ್ಲು ಹಾಳಾಯಿತು ಅಂತ ಫುಟ್‌ಬಾಲ್‌ನವರು ಗೋಳಾಡಿದರು.

ಸಂಪಂಗಿರಾಮನಗರದವನು · 12:10

ಕೊಚ್ಚಿ ಅಂದಿದ್ದಕ್ಕೆ ಇನ್ನೊಂದು. ಅದೇ ಸ್ಟೇಡಿಯಂ ಗ್ಯಾಲರಿ ಕೆಳಗೆ ಅಂಗಡಿಗಳು. 2017ರಲ್ಲಿ 17 ವರ್ಷದೊಳಗಿನವರ ವಿಶ್ವಕಪ್ ಬಂದಾಗ ಎಲ್ಲರೂ ಖಾಲಿ ಮಾಡಬೇಕಾಯಿತು. ಬಾಡಿಗೆದಾರರು ಕೋರ್ಟಿಗೆ ಹೋದರು. ಗ್ಯಾಲರಿ ಕೆಳಗಿನ ಶಟರ್ ಅಂಗಡಿ ನಮ್ಮ ಎಷ್ಟೋ ಊರಲ್ಲಿ ಇದೆ. ಸ್ಟೇಡಿಯಂ ನಡೆಸೋಕೆ ಬಾಡಿಗೆ ಬೇಕು, ಒಪ್ಪೋಣ. ಆದರೆ ಆ ಶಟರ್‌ಗಳು ಯಾವ ಕಡೆ ಮುಖ ಮಾಡಿವೆ ನೋಡಿ. ರಸ್ತೆ ಕಡೆ. ಟೈರ್ ಅಂಗಡಿ, ಬ್ಯಾಟರಿ ಅಂಗಡಿ. ಒಳಗೆ ಮೈದಾನ ಇದೆ ಅಂತಲೇ ಹೊರಗಿನವರಿಗೆ ಗೊತ್ತಾಗಲ್ಲ.

ಬಸವನಗುಡಿ ವಾಕರ್ · ಸಂಜೆ 4:25

ಮಧ್ಯಾಹ್ನ ಎಲ್ಲಾ ಓದುತ್ತಾ ಕೂತಿದ್ದೆ. ಕೆಡವೋ ಮಾತು ಸ್ವಲ್ಪ ಹಿಂದಕ್ಕೆ ತಗೋತೀನಿ. ಆದರೆ ಹಳೇ ಜಾಗವನ್ನು ಚೆನ್ನಾಗಿ ಬದಲಾಯಿಸೋಕೆ ನಮ್ಮೂರಿಗೆ ಬರಲ್ಲ ಅಂತ ಯಾರೂ ಹೇಳಬೇಡಿ. ಫ್ರೀಡಂ ಪಾರ್ಕ್ ಇದೆಯಲ್ಲ. ಹಳೇ ಸೆಂಟ್ರಲ್ ಜೈಲು, ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಅವರನ್ನೆಲ್ಲ ಇಟ್ಟಿದ್ದ ಜಾಗ. 2008ರಲ್ಲಿ ಪಾರ್ಕ್ ಆಯಿತು. ಕಾವಲು ಗೋಪುರ ಉಳಿಸಿದರು, ಬ್ಯಾರಕ್ ಉಳಿಸಿದರು.

ಸಿಯೋಲ್‌ನಿಂದ ವಾಪಸ್ · 4:41

ವಿನ್ಯಾಸ ಚೆನ್ನಾಗಿದೆ ಸಾರ್. ಆದರೆ ಈಗ ಬೆಂಗಳೂರಲ್ಲಿ ಪ್ರತಿಭಟನೆ ಮಾಡಬೇಕಂದರೆ ಅಲ್ಲೇ ಮಾಡಬೇಕು, ಬೇರೆಲ್ಲೂ ಇಲ್ಲ. ಜೈಲನ್ನು ಪಾರ್ಕ್ ಮಾಡಿ, ಆಮೇಲೆ ಕೂಗಾಟವನ್ನೆಲ್ಲ ಅದರೊಳಗೆ ಹಾಕಿಟ್ಟರು. ಬಹುಪಯೋಗ ಅನ್ನೋದು ಹೀಗೂ ಆಗುತ್ತೆ.

ಜಾವೆಲಿನ್ ಅಮ್ಮ · 5:15

ನನಗೆ ಕಟ್ಟಡದ ಮಾತು ಅಷ್ಟು ಗೊತ್ತಾಗಲ್ಲ. ಹೊತ್ತಿನ ಮಾತು ಗೊತ್ತು. ಮಗಳ ಅಭ್ಯಾಸ ಬೆಳಿಗ್ಗೆ ಐದೂವರೆಯಿಂದ ಎಂಟು, ಸಂಜೆ ನಾಲ್ಕರಿಂದ ಏಳು. ಮಧ್ಯೆ ಎಂಟು ಗಂಟೆ ಟ್ರ್ಯಾಕ್ ಯಾರಿಗೂ ಬೇಡ, ಕಾದ ಹೆಂಚು ಅದು. ಆಗ ಗ್ಯಾಲರಿ ನೆರಳು ಖಾಲಿ ಬಿದ್ದಿರುತ್ತೆ. ಅಜ್ಜಂದಿರು ಬರಲಿ, ಓದೋ ಮಕ್ಕಳು ಬರಲಿ, ಡೆಲಿವರಿ ಹುಡುಗರು ಬಂದು ಕೂರಲಿ. ನಮಗೇನೂ ತೊಂದರೆ ಇಲ್ಲ. ಜಾವೆಲಿನ್, ಹ್ಯಾಮರ್ ಎಸೆಯೋ ಹೊತ್ತಲ್ಲಿ ಮಾತ್ರ ಒಳಗೆ ಯಾರೂ ಬರಬಾರದು. ಅದು ಜೀವದ ಪ್ರಶ್ನೆ.

2022ರಲ್ಲಿ ದೆಹಲಿಯ ತ್ಯಾಗರಾಜ ಕ್ರೀಡಾಂಗಣದ ಸುದ್ದಿ ನೆನಪಿದೆಯಾ? ಅಧಿಕಾರಿಯೊಬ್ಬರು ನಾಯಿ ಜತೆ ವಾಕ್ ಮಾಡೋಕೆ ಅಂತ ಸಂಜೆ ಏಳಕ್ಕೇ ಅಥ್ಲೀಟ್‌ಗಳನ್ನು ಹೊರಗೆ ಕಳಿಸ್ತಿದ್ದರು ಅಂತ ಪೇಪರಲ್ಲಿ ಬಂತು. ಗಲಾಟೆ ಆದ ಮೇಲೆ ದೆಹಲಿ ಸರ್ಕಾರ ಎಲ್ಲಾ ಕ್ರೀಡಾಂಗಣ ರಾತ್ರಿ ಹತ್ತರ ತನಕ ತೆರೆದಿಡಿ ಅಂತ ಆದೇಶ ಮಾಡಿತು. ಒಂದು ಕಲ್ಲು ಸರಿಸಲಿಲ್ಲ. ಮೂರು ಗಂಟೆ ಜಾಸ್ತಿ ಸಿಕ್ಕಿತು.

ನಿವೃತ್ತ ಇಂಜಿನಿಯರ್, ಮೈಸೂರು · 5:50

ತಾಯಿ, ನೀವು ಹೇಳಿದ್ದನ್ನು ನಕ್ಷೆ ಮೇಲೆ ಹಾಕಬಹುದು. ಗ್ಯಾಲರಿ ಕೆಳಗಿನ ಜಾಗ ರಸ್ತೆಗೆ, ಅಂಗಳ ಆಟಕ್ಕೆ, ನಡುವೆ ಒಂದು ಸುತ್ತು ದಾರಿ. ಗ್ಯಾಲರಿಯ ಹಿಂಬದಿಗೆ ಬೇಲಿ ಇಟ್ಟು ಹೊರಗಿನ ಕಾಂಪೌಂಡ್ ಗೋಡೆ ತೆಗೆಯಿರಿ. ಬೇಲಿ ಹೋಗಲ್ಲ, ಜಾಗ ಬದಲಾಯಿಸುತ್ತೆ. ಅಷ್ಟಕ್ಕೇ ಸುತ್ತಲಿನ ನೆಲ ಜನರಿಗೆ ಬಂತು. ಸಮಾರಂಭಕ್ಕೆ ಬೇಕಾದ ಕಂಬದ ತಳ, ಕೇಬಲ್ ದಾರಿ, ಲಾರಿ ಬರುವ ದಾರಿ ಎಲ್ಲ ಮೊದಲೇ ಟ್ರ್ಯಾಕಿನ ಹೊರಗೆ ಕಟ್ಟಿಡಿ. ಆಗ ಶಾಮಿಯಾನದವನು ಗುಂಡಿ ತೋಡಬೇಕಿಲ್ಲ. ನಲವತ್ತು ವರ್ಷದ ಅನುಭವದಲ್ಲಿ ಹೇಳ್ತೀನಿ, ಶಾಮಿಯಾನದವನನ್ನು ಮರೆತು ಹಾಕಿದ ನಕ್ಷೆ ಎಲ್ಲವೂ ಹಾಳಾಗಿದೆ.

ಹೊರಗೆ ಹೋಗುವ ದಾರಿ ಬಗ್ಗೆ ಯಾರೂ ಮಾತಾಡಲಿಲ್ಲ. 2025ರ ಜೂನ್ 4, ಚಿನ್ನಸ್ವಾಮಿ ಕ್ರಿಕೆಟ್ ಸ್ಟೇಡಿಯಂ. ನೂಕುನುಗ್ಗಲಲ್ಲಿ 11 ಜನ ಸತ್ತರು, ಒಳಗಲ್ಲ, ಗೇಟಿನ ಹತ್ತಿರ. ಕಂಠೀರವದಿಂದ ಅದು ಕೂಗಳತೆ ದೂರ. ಲೈಬ್ರರಿ ಮಾಡಿ, ಸಂತೆ ಮಾಡಿ, ಗೇಟಿನ ಅಗಲ ಮೊದಲು ನೋಡಿ.

ಇನ್ನು ಕೆರೆಯ ವಿಷಯ. ಪಕ್ಕಕ್ಕೆ ಎಷ್ಟು ಕಾಂಕ್ರೀಟ್ ಹಾಕಿದರೂ ಮಳೆ ಬಂದರೆ ನೀರಿಗೆ ತನ್ನ ಹಳೇ ಮನೆ ವಿಳಾಸ ನೆನಪಿರುತ್ತೆ. ನೆಲ ಅಗೆದು ಮೂರು ಮಹಡಿ ಪಾರ್ಕಿಂಗ್ ಮಾಡುವ ಆಸೆ ಯಾರಿಗಾದರೂ ಇದ್ದರೆ ಪಂಪಿಗೆ ಬರುವ ಕರೆಂಟ್ ಬಿಲ್ಲಿನ ಲೆಕ್ಕವನ್ನೂ ಹಾಕಿಕೊಳ್ಳಲಿ.

ದಾವಣಗೆರೆ ಬೆಣ್ಣೆ · 6:02

ಮಾಲ್ ಮಾತು ವಾಪಸ್ ತಗೊಂಡೆ ಸಾರ್. ನಮ್ಮ ಕಡೆ ಒಂದು ಪ್ರಶ್ನೆ. ಬೆಂಗಳೂರಿಗೆ ಕಬ್ಬನ್ ಪಾರ್ಕ್ ಐತಿ, ಲಾಲ್‌ಬಾಗ್ ಐತಿ. ಜಿಲ್ಲಾ ಊರಲ್ಲಿ ಸ್ಟೇಡಿಯಂ ಬಿಟ್ರೆ ಬಯಲೇ ಇಲ್ಲ. ಸ್ವಾತಂತ್ರ್ಯ ದಿನ, ರಾಜ್ಯೋತ್ಸವ, ಪೊಲೀಸ್ ಭರ್ತಿ ಓಟ, ದಸರಾ ಕ್ರೀಡಾಕೂಟ, ಪಟಾಕಿ ಅಂಗಡಿ ಎಲ್ಲಾ ಅಲ್ಲೇ. ನೀವು ಮಾತಾಡ್ತಿರೋದನ್ನ ನಾವು ದಿನಾ ಬದುಕ್ತಿದೀವಿ. ಯಾರಿಗೆ ಯಾವ ದಿನ ಅಂತ ಬರೆದ ಒಂದು ಬೋರ್ಡ್ ಗೇಟಿಗೆ ಹಾಕಿದ್ರೆ ಅರ್ಧ ಜಗಳ ಕಡಿಮೆ ಆಗ್ತದ. ಈಗ ಎಲ್ಲಾ ವಾಚ್‌ಮನ್ ತಲೆಯಲ್ಲೈತಿ. ಅವನು ಊಟಕ್ಕೆ ಹೋದ್ರೆ ಸ್ಟೇಡಿಯಮ್ಮೇ ಊಟಕ್ಕೆ ಹೋದಂಗೆ.

ಜಾವೆಲಿನ್ ಅಮ್ಮ · 6:10

😂 ನಿಜ ನಿಜ.

ವೆಸ್ಟ್ ಬ್ಲಾಕ್ ನೀಲಿ · 6:33

ಅಕ್ಕ, ಟ್ರ್ಯಾಕ್ ತೆಗೀರಿ ಅಂದಿದ್ದಕ್ಕೆ ಸಾರಿ. ತೆಗೀಬೇಡಿ. ಆದರೆ ಒಂದು ಫುಟ್‌ಬಾಲಿಗೇ ಅಂತ ಹತ್ತು ಸಾವಿರದ ಚಿಕ್ಕ ಸ್ಟೇಡಿಯಂ ಊರೊಳಗೇ ಬೇಕು ಅನ್ನೋದನ್ನು ಮಾತ್ರ ಬಿಡಲ್ಲ. 36 ಮೀಟರ್ ಮರೆಯೋಕಾಗಲ್ಲ.

ಬಸವನಗುಡಿ ವಾಕರ್ · 7:05

ನಾಳೆ ಭಾನುವಾರ. ಸಂಪಂಗಿರಾಮನಗರದವರೇ, ಆ ಕೊಳ ನಾನು ಇಷ್ಟು ವರ್ಷ ಬೆಂಗಳೂರಲ್ಲಿದ್ದೂ ನೋಡಿಲ್ಲ. ತೋರಿಸ್ತೀರಾ? ಹಾಗೇ ಕಾಂಪೌಂಡಿನ ಸುತ್ತ ಒಂದು ಸುತ್ತು ಹಾಕಿ ಎಲ್ಲೆಲ್ಲಿ ಗೇಟಿದೆ, ಎಷ್ಟು ಅಗಲ, ಯಾವುದು ತೆರೆದಿದೆ ಅಂತ ಬರೆದುಕೊಂಡು ಬರೋಣ. ಇಂಜಿನಿಯರ್ ಸಾರ್‌ಗೆ ಕಳಿಸಿದರೆ ಉಳಿದದ್ದು ಅವರು ಹೇಳ್ತಾರೆ.

ಸಂಪಂಗಿರಾಮನಗರದವನು · 7:20

ಬನ್ನಿ ಸಾರ್. ಆರೂವರೆಗೆ. ಟೇಪ್ ನಾನು ತರ್ತೀನಿ, ಉದ್ದದ್ದು ಇದೆ. ತಡ ಮಾಡಬೇಡಿ, ಬಿಸಿಲಾದರೆ ನನ್ನ ಕೈಯಲ್ಲಿ ಆಗಲ್ಲ.

ಜಾವೆಲಿನ್ ಅಮ್ಮ · 7:26

ನಾವು ಹೇಗೂ ಆ ಹೊತ್ತಿಗೆ ಒಳಗೆ ಇರ್ತೀವಿ. ಫ್ಲಾಸ್ಕಲ್ಲಿ ಕಾಫಿ ತರ್ತೀನಿ.